ಟೆಂಡರ್ ಕರೆಯುವ ಮುಂಚೆ ಮಣ್ಣು ನೋಡಿ: ಮೂಲಸೌಕರ್ಯ ಸಚಿವರಿಗೆ ದಾವಣಗೆರೆಯಿಂದ ಬಹಿರಂಗ ಪತ್ರ

ಮಾನ್ಯ ಮೂಲಸೌಕರ್ಯ ಅಭಿವೃದ್ಧಿ ಸಚಿವರಿಗೆ,

ನಮಸ್ಕಾರ.

ದಾವಣಗೆರೆಗೆ ವಿಮಾನ ನಿಲ್ದಾಣ ಬೇಕು ಅನ್ನೋ ಬೇಡಿಕೆ ಹಳೆಯದು. ಇವತ್ತಿಗೂ ನಾವು ವಿಮಾನ ಹತ್ತಬೇಕೆಂದರೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕು, ಇಲ್ಲವೇ ರಾತ್ರಿಯೇ ಹೊರಟು ಬೆಂಗಳೂರು ಸೇರಬೇಕು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ರನ್‌ವೇ ಇದೆ ನಿಜ. ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ಕೇಂದ್ರದ್ದು, ನಮ್ಮ ಓಡಾಟಕ್ಕಲ್ಲ. ನಿಲ್ದಾಣ ಬೇಕೋ ಬೇಡವೋ ಅನ್ನೋ ಚರ್ಚೆಗೆ ನಾನು ಹೋಗುವುದಿಲ್ಲ. ಬೇಕು. ನಾನು ಬರೆಯುತ್ತಿರುವುದು ಖರ್ಚಿನ ಬಗ್ಗೆ. ಅದರಲ್ಲೂ ಕೆಲಸ ಶುರುವಾದ ಮೇಲೆ ಏರುವ ಖರ್ಚಿನ ಬಗ್ಗೆ.

ನಾನು ಸಿವಿಲ್ ಇಂಜಿನಿಯರ್. ಈ ಭಾಗದ ಗುತ್ತಿಗೆದಾರರ ಹತ್ತಿರ ಬಹಳ ವರ್ಷ ಬಿಲ್ಲಿಂಗ್ ನೋಡಿಕೊಂಡವನು. ಅಳತೆ ತೆಗೆಯುವುದು, ಎಂ.ಬಿ. (ಅಳತೆ ಪುಸ್ತಕ) ಬರೆಸುವುದು, ಕರಾರಿನಲ್ಲಿಲ್ಲದ ಹೆಚ್ಚುವರಿ ಐಟಂಗೆ ರೇಟ್ ಅನಾಲಿಸಿಸ್, ಅಂದರೆ ದರದ ಲೆಕ್ಕ, ಮಾಡಿಕೊಡುವುದು, ಫೈಲ್ ಹಿಂದೆ ಓಡಾಡುವುದು, ಇದೇ ನನ್ನ ಕಸುಬು. ಆ ಅನುಭವದಿಂದ ಒಂದೇ ಒಂದು ಬೇಡಿಕೆ ಇಡುತ್ತಿದ್ದೇನೆ. ಖರ್ಚು ಯಾವ ಯಾವ ಕಾರಣಕ್ಕೆ ಬದಲಾಗಬಹುದು, ಬದಲಾದರೆ ಯಾರು ಎಷ್ಟು ದಿನದಲ್ಲಿ ತೀರ್ಮಾನ ಮಾಡುತ್ತಾರೆ, ಇದನ್ನು ಟೆಂಡರ್ ಕರೆಯುವ ಮುಂಚೆಯೇ ಬರೆದು ಜನರ ಮುಂದಿಡಿ.

ಶಿವಮೊಗ್ಗದ ಉದಾಹರಣೆ ಕಣ್ಣಮುಂದೆಯೇ ಇದೆ. ಸೋಗಾನೆಯ ನಿಲ್ದಾಣಕ್ಕೆ ಮೊದಲು ಹೇಳಿದ್ದು 220 ಕೋಟಿ. ಆಮೇಲೆ 384 ಕೋಟಿ ಆಯಿತು. 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಗುವ ಹೊತ್ತಿಗೆ ಸುಮಾರು 450 ಕೋಟಿ. ಇದನ್ನು ನೋಡಿ ಎಲ್ಲವೂ ತಿಂದು ಹಾಕಿದ ದುಡ್ಡು ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಮೊದಲ ಲೆಕ್ಕ ಹಾಕಿದ್ದು ಎಟಿಆರ್ 72ರಂಥ ಸಣ್ಣ ವಿಮಾನಕ್ಕೆ. ಆಮೇಲೆ ಏರ್‌ಬಸ್ ಇಳಿಯಬೇಕು ಅಂತಾಯಿತು, ರನ್‌ವೇ 3,200 ಮೀಟರ್‌ಗೆ ಬೆಳೆಯಿತು. ರನ್‌ವೇ ಉದ್ದವಾದರೆ ಸುಮ್ನೆ ಡಾಂಬರು ಜಾಸ್ತಿ ಆಗುವುದಷ್ಟೇ ಅಲ್ಲ. ಮಣ್ಣು ಕೆಲಸ, ಚರಂಡಿ, ಕಾಂಪೌಂಡ್, ದೀಪ, ಅಗ್ನಿಶಾಮಕ ವಾಹನ ಎಲ್ಲದರ ಅಳತೆಯೂ ಬದಲಾಗುತ್ತದೆ. ಅದು ಬೇರೆಯದೇ ನಿಲ್ದಾಣ. ಜನರಿಗೆ ಮಾತ್ರ ಕಂಡದ್ದು ಮೂರು ಅಂಕಿಗಳು. ಯಾವ ಬದಲಾವಣೆಗೆ ಎಷ್ಟು ಕೋಟಿ ಹೋಯಿತು ಅನ್ನೋದನ್ನು ಒಂದೇ ಹಾಳೆಯಲ್ಲಿ ಬಿಡಿಸಿ ಹೇಳಿದ್ದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತಿತ್ತು, ಅಲ್ವಾ?

ಹಾಗಾಗಿ ನಮ್ಮಲ್ಲಿ ಮೊದಲು ಆಗಬೇಕಾದ ತೀರ್ಮಾನ ಇದು: ಯಾವ ವಿಮಾನಕ್ಕೆ? ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಎತ್ತರ 300 ಮೀಟರ್ ಏರಿದಂತೆಲ್ಲ ರನ್‌ವೇ ಉದ್ದವನ್ನು ಶೇ 7ರಷ್ಟು ಹೆಚ್ಚಿಸಬೇಕು ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಲೆಕ್ಕ. ಅಂದರೆ ಎತ್ತರಕ್ಕೇ ಸುಮಾರು ಶೇ 14 ಜಾಸ್ತಿ. ನಮ್ಮ ಏಪ್ರಿಲ್ ಬಿಸಿಲಿನ ಲೆಕ್ಕ ಬೇರೆ. ಇವು ನಾಳೆ ಗೊತ್ತಾಗುವ ಸಂಗತಿಗಳಲ್ಲ, ಇವತ್ತೇ ಗೊತ್ತಿರುವಂಥವು. ಮಂಜೂರಾತಿ ಸಿಗಲಿ ಅಂತ ಮೊದಲು ಸಣ್ಣ ಅಂಕಿ ತೋರಿಸಿ, ಆಮೇಲೆ ಅದನ್ನೇ ಪರಿಷ್ಕೃತ ಅಂದಾಜು ಅಂತ ಏರಿಸುವುದು ಬೇಡ. ಪೂರ್ತಿ ಅಂಕಿಯನ್ನೇ ಮೊದಲು ಹೇಳಿ. ಕಷ್ಟದ ಅಂಕಿಯಾದರೂ ಜನ ಕೇಳಿಸಿಕೊಳ್ಳುತ್ತಾರೆ. ಭದ್ರಾ ಮೇಲ್ದಂಡೆ ಯೋಜನೆ ಒಮ್ಮೆ 12,340 ಕೋಟಿ ಇದ್ದದ್ದು 21,473 ಕೋಟಿ ಆದದ್ದನ್ನು ನೋಡಿದವರು ನಾವು. 2023ರ ಕೇಂದ್ರ ಬಜೆಟ್‌ನಲ್ಲಿ ಅದೇ ಯೋಜನೆಗೆ 5,300 ಕೋಟಿ ಅಂತ ಕೇಳಿ ಸಂಭ್ರಮಪಟ್ಟ ಚಿತ್ರದುರ್ಗದ ರೈತರು ಆಮೇಲೆ ಆ ದುಡ್ಡಿಗಾಗಿ ಎಷ್ಟು ಸಲ ಬೀದಿಗಿಳಿಯಬೇಕಾಯಿತು ಅನ್ನೋದು ನಿಮಗೆ ಗೊತ್ತಿದೆ.

ಈಗ ಮಣ್ಣಿನ ವಿಷಯ. ಇದನ್ನು ಸ್ವಲ್ಪ ಸಮಾಧಾನದಿಂದ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ನಮ್ಮ ಸುತ್ತಮುತ್ತ ಎರೆ ಭೂಮಿ ಬಹಳ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇದರ ಮೇಲೆ ರನ್‌ವೇ ಹಾಕಬೇಕೆಂದರೆ ಎರೆಯನ್ನು ಬಗೆದು ತೆಗೆದು ಗರಸು (ಗಟ್ಟಿ ಕಲ್ಲುಮಣ್ಣು) ತುಂಬಬೇಕು, ಅಥವಾ ಸುಣ್ಣವೋ ಸಿಮೆಂಟೋ ಬೆರೆಸಿ ಗಟ್ಟಿ ಮಾಡಬೇಕು. ಎಷ್ಟು ಆಳದ ತನಕ ಎರೆ ಇದೆ ಅನ್ನೋದರ ಮೇಲೆ ಕೋಟಿಗಟ್ಟಲೆ ಲೆಕ್ಕ ನಿಂತಿರುತ್ತದೆ. ಅದರ ಜೊತೆಗೆ ಲೀಡ್, ಅಂದರೆ ಮಣ್ಣು ತರುವ ದೂರ. ಗರಸು ಐದು ಕಿಲೋಮೀಟರ್‌ನಲ್ಲಿ ಸಿಗುತ್ತದೆ ಅಂತ ಅಂದಾಜಿನಲ್ಲಿ ಬರೆದು, ಕೊನೆಗೆ ಇಪ್ಪತ್ತೈದು ಕಿಲೋಮೀಟರ್‌ನಿಂದ ತರಬೇಕಾದರೆ ಮಣ್ಣಿಗಿಂತ ಟಿಪ್ಪರ್ ಬಾಡಿಗೆಯೇ ಜಾಸ್ತಿ ಆಗುತ್ತದೆ. ಮೂಗಿಗಿಂತ ಮೂಗುತಿ ಭಾರ.

ಒಂದು ಸೈಟಿನ ಕಥೆ ಹೇಳುತ್ತೇನೆ. ಊರಿನ ಹೆಸರು, ಇಲಾಖೆ ಹೆಸರು ಬೇಡ. ಡ್ರಾಯಿಂಗ್‌ನಲ್ಲಿ ಪಾಯ ಒಂದೂವರೆ ಮೀಟರ್ ಆಳ ಅಂತಿತ್ತು. ಜೆಸಿಬಿ ಇಳಿಸಿದೆವು. ಒಂದೂವರೆ ಮೀಟರ್ ಆಯಿತು, ಎರಡಾಯಿತು, ಇನ್ನೂ ಕಪ್ಪು ಮಣ್ಣೇ. ಬಕೆಟ್ಟಿಗೆ ಅಂಟಿಕೊಂಡು ಬರುತ್ತಿತ್ತು. ಗಟ್ಟಿ ನೆಲ ಸಿಕ್ಕಿದ್ದು ಸುಮಾರು ಮೂರು ಮೀಟರ್‌ಗೆ. ಮಣ್ಣು ಪರೀಕ್ಷೆಯ ವರದಿ ಇರಲಿಲ್ಲವೇ ಅಂದರೆ, ಇತ್ತು. ಮಣ್ಣು ತೆಗೆದು ನೋಡುವ ಬೋರ್ ಹಾಕಿದ್ದು ಮಾತ್ರ ಜಮೀನಿನ ಒಂದು ಮೂಲೆಯಲ್ಲಿ, ಗರಸು ಇದ್ದ ಕಡೆ. ಸೈಟಿಗೆ ಬಂದ ಇಂಜಿನಿಯರ್ ಸಾಹೇಬರು ಗುಂಡಿ ನೋಡಿ, 'ಮಾಡಿ, ಆಮೇಲೆ ನೋಡೋಣ' ಅಂದರು. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ. ಕೆಲಸ ಮುಗಿಯಿತು. ಹೆಚ್ಚುವರಿ ಐಟಂನ ಫೈಲ್ ಮೇಜಿನಿಂದ ಮೇಜಿಗೆ ಹೋಗುತ್ತಾ ಒಂದು ವರ್ಷ ದಾಟಿತು. ಅಷ್ಟರಲ್ಲಿ ಮಣ್ಣು ಹೊಡೆದ ಸಬ್ ಕಾಂಟ್ರಾಕ್ಟರ್, ಸಾಲ ಮಾಡಿ ತಂದಿದ್ದ ಟಿಪ್ಪರನ್ನೇ ಮಾರಿಕೊಂಡಿದ್ದ. ಸಾಹೇಬರಿಗೂ ಕೆಟ್ಟ ಮನಸ್ಸಿರಲಿಲ್ಲ. ಸಹಿ ಹಾಕಿದರೆ ನಾಳೆ ಆಡಿಟ್‌ನವರು ತಮ್ಮನ್ನೇ ಹಿಡಿಯುತ್ತಾರೆ ಎಂಬ ಭಯ ಅವರಿಗೆ. ಬದಲಾವಣೆಯನ್ನು ಒಪ್ಪುವುದು ಯಾರ ಕೆಲಸ ಅಂತ ಮೊದಲೇ ಬರೆದಿಡದಿದ್ದರೆ ಎಲ್ಲರೂ ಕೈ ಕಟ್ಟಿ ಕೂರುತ್ತಾರೆ.

ರನ್‌ವೇಯಂಥ ಕೆಲಸದಲ್ಲಿ ಇದೇ ತಪ್ಪು ನೂರಾರು ಪಟ್ಟು ದೊಡ್ಡದಾಗುತ್ತದೆ. ರನ್‌ವೇ ಸಾಲಿನುದ್ದಕ್ಕೂ ಗುಂಡಿ ತೋಡಿಸಿ, ಬೋರ್ ಹಾಕಿಸಿ. ಮಳೆಗಾಲದಲ್ಲೊಮ್ಮೆ ನೀರಿನ ಮಟ್ಟ ನೋಡಿಸಿ. ಜಾಗ ಭದ್ರಾ ಅಚ್ಚುಕಟ್ಟಿನಲ್ಲಿ ಬಂದರೆ ನಾಲೆಗೆ ನೀರು ಬಿಟ್ಟ ಹೊತ್ತಿನಲ್ಲೂ ನೋಡಿಸಿ, ಆಗ ನೆಲದ ಸ್ವಭಾವವೇ ಬೇರೆ ಇರುತ್ತದೆ. ಉಪನಾಲೆ, ಕರೆಂಟ್ ಲೈನ್, ಕೊಳವೆ ಯಾವುದನ್ನೆಲ್ಲ ಸ್ಥಳಾಂತರಿಸಬೇಕು ಅನ್ನೋ ಪಟ್ಟಿ ಆಗಲೇ ಸಿದ್ಧವಾಗಲಿ. ಪರೀಕ್ಷೆಗೆ ಹೋಗುವ ದುಡ್ಡು, ಆಮೇಲೆ ಉಳಿಯುವ ದುಡ್ಡಿನ ಮುಂದೆ ಏನೇನೂ ಅಲ್ಲ.

ಇದರಲ್ಲಿ ಇನ್ನೊಂದು ಒಳಮರ್ಮ ಇದೆ. ಅಂದಾಜಿನಲ್ಲಿ ತಪ್ಪಿದೆ ಅನ್ನೋದು ಅನುಭವಿ ಗುತ್ತಿಗೆದಾರನಿಗೆ ಟೆಂಡರ್ ಓದುವಾಗಲೇ ಗೊತ್ತಾಗುತ್ತದೆ. ಬಂಡೆ ಒಡೆಯುವ ಐಟಂ ಕಡಿಮೆ ಪ್ರಮಾಣದಲ್ಲಿ ಹಾಕಿದ್ದಾರೆ, ನಿಜಕ್ಕೂ ಜಾಸ್ತಿ ಬರುತ್ತದೆ ಅಂತ ಕಂಡರೆ ಆ ಒಂದು ಐಟಂಗೆ ದುಬಾರಿ ದರ ಹಾಕುತ್ತಾನೆ, ಉಳಿದದ್ದಕ್ಕೆ ಇಳಿಸುತ್ತಾನೆ. ಒಟ್ಟು ಮೊತ್ತದಲ್ಲಿ ಅವನೇ ಕಡಿಮೆ, ಕೆಲಸ ಅವನಿಗೇ. ಆಮೇಲೆ ಬಂಡೆ ಪ್ರಮಾಣ ಏರುತ್ತದೆ, ಬಿಲ್ಲೂ ಏರುತ್ತದೆ. ಪ್ರಮಾಣ ಶೇ 25ಕ್ಕಿಂತ ಜಾಸ್ತಿಯಾದರೆ ದರವನ್ನು ಹೊಸದಾಗಿ ನಿಗದಿ ಮಾಡಬೇಕು ಎಂಬ ಷರತ್ತು ಕರಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಬಿಗಿಯಾಗಿ ಜಾರಿ ಮಾಡಿ. ಟೆಂಡರ್ ತೆರೆದಾಗ ಒಟ್ಟು ಮೊತ್ತದ ಜೊತೆ ಒಂದೊಂದು ಐಟಂನ ದರವನ್ನೂ ಎಸ್.ಆರ್. (ಸರ್ಕಾರಿ ದರಪಟ್ಟಿ) ದರದ ಪಕ್ಕ ಇಟ್ಟು ನೋಡಿಸಿ.

ಇನ್ನು ಯಾರ ಕೈಯಲ್ಲೂ ಇಲ್ಲದ ಏರಿಳಿತ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಕಬ್ಬಿಣದ ಬೆಲೆ ಏರಿದ್ದು, ಮೇ ತಿಂಗಳಲ್ಲಿ ಕೇಂದ್ರ ರಫ್ತು ಸುಂಕ ಹಾಕಿದ್ದು ನೆನಪಿರಬಹುದು. ಅದೇ ವರ್ಷ ಜುಲೈ 18ರಿಂದ ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಹಳೇ ದರಕ್ಕೆ ಕೆಲಸ ಹಿಡಿದವರು ಆ ಶೇ 6 ಯಾರು ಕೊಡಬೇಕು ಅಂತ ಕಚೇರಿಗಳಿಗೆ ಅಲೆದರು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಈಗ ಆ ಉಳಿತಾಯ ಯಾರಿಗೆ ಸೇರಬೇಕು? ಏರಿದಾಗ ಸರ್ಕಾರ ಕೊಡಬೇಕು, ಇಳಿದಾಗ ಸರ್ಕಾರಕ್ಕೇ ವಾಪಸ್ ಬರಬೇಕು. ಎರಡಕ್ಕೂ ಒಂದೇ ಸೂತ್ರ. ಸಿಮೆಂಟ್, ಕಬ್ಬಿಣ, ಡಾಂಬರು, ಡೀಸೆಲ್, ಕೂಲಿ ಇವು ಒಟ್ಟು ಖರ್ಚಿನಲ್ಲಿ ಶೇಕಡಾ ಎಷ್ಟೆಷ್ಟು ಅಂತ ಕರಾರಿನಲ್ಲೇ ಬರೆದು, ಕೇಂದ್ರ ಸರ್ಕಾರ ಪ್ರತಿ ತಿಂಗಳು ಹೊರಡಿಸುವ ಸಗಟು ಬೆಲೆ ಸೂಚ್ಯಂಕಕ್ಕೂ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೂ ಕಟ್ಟಿಹಾಕಿದರೆ ಯಾರ ಮರ್ಜಿಯೂ ಬೇಕಾಗುವುದಿಲ್ಲ. ಬೆಲೆ ಹೊಂದಾಣಿಕೆ ಇಲ್ಲ ಅಂತ ಒಂದೇ ಸಾಲು ಬರೆದುಬಿಟ್ಟರೆ ಖರ್ಚು ಉಳಿಯುತ್ತದೆ ಅನ್ನೋದು ತಪ್ಪು ಲೆಕ್ಕ. ಗುತ್ತಿಗೆದಾರ ಆ ಭಯವನ್ನು ದರದಲ್ಲೇ ಸೇರಿಸಿರುತ್ತಾನೆ, ಇಲ್ಲವೇ ಅರ್ಧಕ್ಕೆ ಬಿಟ್ಟು ಹೋಗುತ್ತಾನೆ.

ಭೂಮಿಯ ಬಗ್ಗೆ ಒಂದೇ ಮಾತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಹೆಚ್ಚುವರಿ ಮೊತ್ತ ಕೊಡಬೇಕು. ಪರಿಹಾರದ ಆದೇಶ ತಡವಾದಷ್ಟೂ ಬೊಕ್ಕಸಕ್ಕೆ ಹೊರೆ. ರೈತರಿಗೆ ದುಡ್ಡು ಕೊಟ್ಟು ಜಾಗ ಪೂರ್ತಿ ಕೈಗೆ ಬಂದ ಮೇಲೆಯೇ ಕಾರ್ಯಾದೇಶ ಕೊಡಿ. ಅರ್ಧ ಜಾಗದಲ್ಲಿ ಯಂತ್ರ ನಿಲ್ಲಿಸಿಕೊಂಡು ಇನ್ನರ್ಧಕ್ಕೆ ಕಾಯುವ ಕೆಲಸದಲ್ಲಿ ಖಾಲಿ ನಿಂತ ಯಂತ್ರದ ಬಾಡಿಗೆಯೂ ಕೊನೆಗೆ ಬೊಕ್ಕಸದ ತಲೆಗೇ ಬರುತ್ತದೆ.

ಅಂದಾಜಿನ ಕೊನೆಯಲ್ಲಿ 'ಅನಿರೀಕ್ಷಿತ ವೆಚ್ಚ' ಅಂತ ಶೇ 3ರಿಂದ 5ರಷ್ಟು ಒಂದು ಸಾಲು ಇರುತ್ತದೆ. ಯಾವುದಕ್ಕೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಾಮಗಾರಿ ಮುಗಿಯುವ ಮುಂಚೆ ಅದು ಹೇಗೋ ಖರ್ಚಾಗಿರುತ್ತದೆ. ಆ ಸಾಲನ್ನು ಒಡೆಯಿರಿ. ಮಣ್ಣಿಗೆ ಇಷ್ಟು, ಲೈನ್ ಸ್ಥಳಾಂತರಕ್ಕೆ ಇಷ್ಟು, ವಿನ್ಯಾಸ ಬದಲಾವಣೆಗೆ ಇಷ್ಟು ಅಂತ ಹೆಸರಿಟ್ಟು ತೆಗೆದಿಡಿ. ಒಂದರಲ್ಲಿ ಉಳಿದದ್ದು ವಾಪಸ್ ಬರಲಿ. ಸೈಟಿನಲ್ಲಿ ಯಾವ ಬದಲಾವಣೆ ಕಂಡರೂ ಒಂದು ವಾರದೊಳಗೆ ಫೋಟೊ, ಅಳತೆ ಸಮೇತ ಒಂದು ಪುಸ್ತಕದಲ್ಲಿ ದಾಖಲಾಗಲಿ. ಮೂವತ್ತು ದಿನದೊಳಗೆ ಹೌದು ಅಥವಾ ಇಲ್ಲ ಅನ್ನೋ ಉತ್ತರ ಬರವಣಿಗೆಯಲ್ಲಿ ಬರಲಿ. ಇಷ್ಟು ಲಕ್ಷದ ತನಕ ಕಾರ್ಯಪಾಲಕ ಇಂಜಿನಿಯರ್, ಅದರ ಮೇಲೆ ಮುಖ್ಯ ಇಂಜಿನಿಯರ್, ಅದಕ್ಕೂ ಮೇಲೆ ಒಂದು ಸಮಿತಿ ಅಂತ ಅಧಿಕಾರ ಹಂಚಿಬಿಡಿ. ನಿಯಮದ ಪ್ರಕಾರ ಸಹಿ ಹಾಕಿದ ಅಧಿಕಾರಿಯ ಬೆನ್ನಿಗೆ ಇಲಾಖೆ ನಿಲ್ಲುತ್ತದೆ ಅನ್ನೋದನ್ನೂ ಆದೇಶದಲ್ಲೇ ಬರೆಯಿರಿ.

ಆ ದಾಖಲೆ ಪುಸ್ತಕ ಜನರಿಗೂ ಕಾಣಬೇಕು. ಪ್ರತಿ ತಿಂಗಳು, ಕನ್ನಡದಲ್ಲಿ, ಜಿಲ್ಲಾಧಿಕಾರಿ ಕಚೇರಿಯ ಫಲಕದ ಮೇಲೂ ಇಲಾಖೆಯ ಜಾಲತಾಣದಲ್ಲೂ. ಏನು ಬದಲಾಯಿತು, ಯಾಕೆ, ಎಷ್ಟು ಏರಿತು ಅಥವಾ ಇಳಿಯಿತು, ಯಾರು ಒಪ್ಪಿದರು. ಇಷ್ಟು ಸಾಕು. ಪತ್ರಿಕೆಯವರು ಓದುತ್ತಾರೆ, ನನ್ನಂಥ ಬಿಲ್ಲಿಂಗ್‌ನವರು ಓದುತ್ತಾರೆ, ಭೂಮಿ ಕೊಟ್ಟ ರೈತರ ಮಕ್ಕಳೂ ಓದುತ್ತಾರೆ. ನಮ್ಮೂರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಸಿವಿಲ್ ವಿಭಾಗದ ಹುಡುಗರನ್ನು ಮಣ್ಣು ಪರೀಕ್ಷೆಯ ದಿನವೇ ಸೈಟಿಗೆ ಕರೆಯಿರಿ, ಅವರೂ ಕಲಿಯಲಿ.

ಕಾರ್ಯಸಾಧ್ಯತಾ ವರದಿಯ ಜೊತೆಗೇ ಮಣ್ಣು ಪರೀಕ್ಷೆಯ ಪೂರ್ತಿ ವರದಿಯನ್ನೂ ಪ್ರಕಟಿಸಿ ಎಂದು ಕೋರುತ್ತೇನೆ. ಯಾವ ವಿಮಾನಕ್ಕೆ ನಿಲ್ದಾಣ ಎಂಬ ತೀರ್ಮಾನವನ್ನೂ, ಖರ್ಚಿನ ಬದಲಾವಣೆಯ ನಿಯಮಗಳ ಕರಡನ್ನೂ ಟೆಂಡರ್‌ಗೆ ಕನಿಷ್ಠ ಎರಡು ತಿಂಗಳು ಮುಂಚೆ ದಾವಣಗೆರೆಯಲ್ಲಿ ಸಭೆ ಕರೆದು ನಮ್ಮ ಮುಂದಿಡಿ. ಆ ಸಭೆಗೆ ಲೆಕ್ಕದ ಹಾಳೆ ಹಿಡಿದುಕೊಂಡು ನಾನೂ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ಬಿಲ್ಲಿಂಗ್ ಇಂಜಿನಿಯರ್