ಮೈಕ್‌ಸೆಟ್‌ನವರಿಗೆ ಒಂದು ಥ್ಯಾಂಕ್ಸ್

ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ನುಡಿನಮನಕ್ಕೆ ಮೈಕ್ ಹಾಕಲು ಬಂದಿದ್ದವರೇ, ನಿಮ್ಮ ಹೆಸರು ಕೇಳುವಷ್ಟರಲ್ಲಿ ಸ್ಪೀಕರ್‌ಗಳನ್ನು ಆಟೋಗೆ ಏರಿಸಿ ಹೊರಟಿದ್ದಿರಿ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದ ಊರಿದು. ದೊಡ್ಡಪ್ಪನ ಕಥೆ ಓದದವರಿಗೂ ಅವರ ರೇಡಿಯೊ ದನಿ ಗೊತ್ತಿತ್ತು. ಆ ದನಿಯಿದ್ದ ಒಂದೇ ಒಂದು ಕ್ಯಾಸೆಟ್ ದೊಡ್ಡಮ್ಮನ ಬಳಿ ಉಳಿದಿತ್ತು. ಗೆಳೆಯರು, ನೆಂಟರು ಬರುವ ಮುಂಚೆ ಹಾಕಿ ನೋಡಿದರೆ ಬರೀ ಗೊಣಗಾಟ! ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರಿಹೋಗಿದೆ ಎಂದು ಕಂಡುಹಿಡಿದವರು ನೀವು.

"ಗಾಬರಿ ಆಗ್ಬೇಡಿ ಅಮ್ಮಾ" ಎಂದು ಅಂಗಿಗೆ ಕೈ ಒರೆಸಿಕೊಂಡು, ಸ್ಕ್ರೂಗಳನ್ನು ಬಿಚ್ಚಿ ಬಾಟಲಿಯ ಮುಚ್ಚಳದಲ್ಲಿಟ್ಟಿರಿ. ನಿಮ್ಮದೇ ಭಕ್ತಿಗೀತೆಯ ಕ್ಯಾಸೆಟ್ ಬಿಚ್ಚಿ, ಅದರೊಳಗೆ ನಮ್ಮ ಸುರುಳಿ ಕೂರಿಸಿ, ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿದಿರಿ. ಅಷ್ಟರಲ್ಲಿ ಸಭೆ ಶುರುವಾಗಿತ್ತು. ಮೊದಲ ಭಾಷಣಕಾರರು ಬೇಗ ಮುಗಿಸುವವರಲ್ಲ, ಅದೂ ಒಳ್ಳೆಯದೇ ಆಯಿತು.

"ಎಲ್ಲರಿಗೂ ನಮಸ್ಕಾರ" ಎಂದು ದೊಡ್ಡಪ್ಪ ಶುರುಮಾಡಿದಾಗ ದೊಡ್ಡಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ನೀವು ನಮ್ಮತ್ತ ನೋಡದೆ ಟ್ರೆಬಲ್ ಕೊಂಚ ತಗ್ಗಿಸುತ್ತಿದ್ದಿರಿ.

ಹೆಚ್ಚಿಗೆ ದುಡ್ಡು ಬೇಡವೆಂದಿರಿ, ಊಟಕ್ಕೂ ನಿಲ್ಲಲಿಲ್ಲ. ನಿಮ್ಮ ಪುಟ್ಟ ಸ್ಕ್ರೂಡ್ರೈವರ್ ನಮ್ಮಲ್ಲೇ ಇದೆ. ತೆಗೆದುಕೊಂಡು ಹೋಗಲು ಬನ್ನಿ, ಊಟದ ಹೊತ್ತಿಗೇ ಬನ್ನಿ.