‘ನಿಗೂಢ ಸಂಖ್ಯೆ’ಯಲ್ಲಿ ನಿಗೂಢವೇನಿದೆ?

ಮಾನ್ಯ ಸಂಪಾದಕರೇ,

ಭಾನುವಾರದ ಮಕ್ಕಳ ಪುಟದಲ್ಲಿ 12345654321 ಎಂಬ ಸಂಖ್ಯೆಗೆ ‘ನಿಗೂಢ ಸಂಖ್ಯೆ’ ಎಂದು ತಲೆಬರಹ ಕೊಟ್ಟು, ಸುತ್ತಲೂ ನಕ್ಷತ್ರ ಬಿಡಿಸಿ ಪ್ರಕಟಿಸಿದ್ದೀರಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಎಂಬುದಷ್ಟೇ ಅಲ್ಲಿದ್ದ ವಿವರಣೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಸುಮ್ಮನಿರಲು ಆಗಲಿಲ್ಲ.

111111ನ್ನು 111111ರಿಂದಲೇ ಗುಣಿಸಿ ನೋಡಿ. ಆರು ಸಾಲು ಬರುತ್ತವೆ. ಪ್ರತಿ ಸಾಲಿನಲ್ಲೂ ಆರು ಒಂದುಗಳು, ಆದರೆ ಒಂದೊಂದು ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಈಗ ಮೇಲಿನಿಂದ ಕೆಳಕ್ಕೆ ಕೂಡಿಸುತ್ತಾ ಬನ್ನಿ. ಬಲತುದಿಯಲ್ಲಿ ಇರುವುದು ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಅಲ್ಲಿಂದಾಚೆಗೆ ಇಳಿಮುಖ. ಎಲ್ಲಿಯೂ ಮೊತ್ತ ಒಂಬತ್ತನ್ನು ದಾಟುವುದಿಲ್ಲವಾದ್ದರಿಂದ ದಶಕದ ಗೊಡವೆಯೇ ಇಲ್ಲ. ಗುಟ್ಟು ಇಷ್ಟೇ. ಐದನೇ ತರಗತಿಯ ಮಗುವಿಗೂ ತಿಳಿಯುತ್ತದೆ.

ಇನ್ನೂ ಬೇಸರದ ಸಂಗತಿಯೆಂದರೆ, ಈ ಸಂಖ್ಯೆಯ ಊರು ಯಾವುದೆಂದು ನೀವು ಬರೆಯಲಿಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಇದು ಬರುತ್ತದೆ. ಆ ದೊರೆಯ ರಾಜಧಾನಿ ಮಳಖೇಡ ಇರುವುದು ನಮ್ಮ ಸೇಡಂ ತಾಲ್ಲೂಕಿನಲ್ಲಿ. ಅಲ್ಲಿನ ಕೋಟೆ ನೋಡಲು ಬರುವ ಶಾಲಾ ಮಕ್ಕಳಿಗೆ ‘ಕವಿರಾಜಮಾರ್ಗ’ದ ಹೆಸರು ಬಾಯಿಗೆ ಬರುತ್ತದೆ, ಈ ಗಣಿತ ಗ್ರಂಥದ ಹೆಸರು ಬರುವುದಿಲ್ಲ. ತಪ್ಪು ಮಕ್ಕಳದಲ್ಲ, ಬಿಡಿ.

ಆಚಾರ್ಯರ ಲೆಕ್ಕವಂತೂ ನಿಮ್ಮ ಪುಟದ್ದಕ್ಕಿಂತ ಬಹಳ ಸೊಗಸಾಗಿದೆ. 27994681ನ್ನು 441ರಿಂದ ಗುಣಿಸಿದರೆ ಅದೇ 12345654321. ನೋಡುವುದಕ್ಕೆ ಎರಡೂ ಒರಟು ಸಂಖ್ಯೆಗಳು. ಆದರೆ 111111ನ್ನು ಒಡೆದು ನೋಡಿ: ಅದು 111 ಮತ್ತು 1001ರ ಗುಣಲಬ್ಧ. 111 ಎಂದರೆ 3 × 37. 1001 ಎಂದರೆ 7 × 11 × 13. ಇವುಗಳಲ್ಲಿ 3 ಮತ್ತು 7ನ್ನು ಒಂದು ಕಡೆಗೆ ಕೊಟ್ಟರೆ 21, ಅದರ ವರ್ಗ 441. ಉಳಿದ 11, 13, 37ನ್ನು ಗುಣಿಸಿದರೆ 5291, ಅದರ ವರ್ಗ 27994681. ಐದೇ ಅವಿಭಾಜ್ಯ ಸಂಖ್ಯೆಗಳನ್ನು ಎರಡು ಪಾಲು ಮಾಡಿದ್ದಷ್ಟೇ! ಅದೇ ಗ್ರಂಥದಲ್ಲಿ 152207 × 73 ಎಂಬ ಲೆಕ್ಕವೂ ಇದೆ. ಉತ್ತರ 11111111, ಎಂಟು ಒಂದುಗಳು. ಅದು ಹೇಗೆಂದು ತಿಳಿಯಬೇಕಿದ್ದರೆ 152207ನ್ನು 11, 101 ಮತ್ತು 137ರಿಂದ ಭಾಗಿಸಿ ನೋಡಬೇಕು.

ಪುಟದಲ್ಲಿ ಜಾಗವಿಲ್ಲ ಎನ್ನುವಿರಾದರೆ ನಕ್ಷತ್ರಗಳನ್ನು ತೆಗೆಯಬಹುದು. ಆ ಜಾಗದಲ್ಲಿ ಮುಂದಿನ ವಾರ ಒಂದು ಪ್ರಶ್ನೆ ಕೇಳಿ. ಒಂಬತ್ತು ಒಂದುಗಳ ವರ್ಗದವರೆಗೂ ಈ ಏರಿಳಿತ ಕೆಡುವುದಿಲ್ಲ. ಹತ್ತು ಒಂದುಗಳ ವರ್ಗ ಮಾತ್ರ 1234567900987654321. ಏರುವಾಗ ಏಳರ ನಂತರ ಬರಬೇಕಿದ್ದ ಎಂಟು ಎಲ್ಲಿ ಹೋಯಿತು? ಉತ್ತರವನ್ನು ಅದೇ ಪುಟದ ಮೂಲೆಯಲ್ಲಿ ತಲೆಕೆಳಗಾಗಿ ಅಚ್ಚು ಹಾಕದೆ, ಒಂದು ವಾರ ತಡೆದು ಪ್ರಕಟಿಸಿ.

– ನಿವೃತ್ತ ಗಣಿತ ಶಿಕ್ಷಕಿ, ಸೇಡಂ