ಜ್ವಾಳದ ಗಳಗ್ಯಾಗಿನ ಗುಳಗಿ

ಕಲಬುರಗಿ
ಎಳ್ಳಮಾಸಿ ಮರುದಿನ

ಚಿರಂಜೀವಿ ಸೌಭಾಗ್ಯವತಿ ಮಗಳಿಗಿ ನಿನ್ನ ದೊಡ್ಡವ್ವನ ಆಶೀರ್ವಾದ.

ನಿನ್ನೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದ್ವಿ. ಬನ್ನಿಗಿಡದ ಬುಡಕ ಕುಂತು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಣ್ಣುವಾಗ ನಿಮ್ಮವ್ವ ನಿನ್ನ ಸುದ್ದಿ ತೆಗೆದಳು. ತಾಯಿ ಕಾರ್ಡಿನಾಗ ರಗತ (ಹಿಮೋಗ್ಲೋಬಿನ್) 9 ಅಂತ ಬರದಾರಂತ, ಡಾಕ್ಟರು ದಿನಕ್ಕ ಎರಡು ಕೆಂಪು ಕಬ್ಬಿಣದ ಗುಳಗಿ ಕೊಟ್ಟಾರಂತ, ನೀ ಒಂದೂ ಸರಿಯಾಗಿ ನುಂಗವಲ್ಲಿ ಅಂತ. ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಫೋನಿನಾಗ ಹೇಳಿದ್ರ ಹೂಂ ಅಂದು ಮರೀತಿ, ಅದಕ ಬರೀಲತ್ತೀನಿ.

ಬಸುರಿಗಿ ರಗತ 11 ಆದ್ರೂ ಇರಬೇಕು. 7ರ ಕೆಳಗ ಇಳಿದ್ರ ಜೀವಕ್ಕ ಕಂಟಕ. ನನ್ನ ಚೊಚ್ಚಲ ಬಸುರಿನಾಗ ನಮ್ಮತ್ತಿ ಒಂದೇ ಮಾತು ಹೇಳ್ತಿದ್ರು: ಗುಳಗಿ ನುಂಗಿದ್ರ ಕೂಸು ಕರ್ರಗಾಗ್ತದ, ಹೊಟ್ಟಿ ತುಂಬ ಉಂಡ್ರ ಕೂಸು ದೊಡ್ಡದಾಗಿ ಹಡಿಯೋದು ತ್ರಾಸಾಗ್ತದ. ನನಗೂ ಗುಳಗಿ ಕಂಡ್ರ ಹೊಟ್ಟಿ ತೊಳಸ್ತಿತ್ತು. ನರ್ಸಮ್ಮ ಕೊಟ್ಟ ಪಾಕೀಟು ಜ್ವಾಳದ ಗಳಗ್ಯಾಗ ಹುಗದಿಟ್ಟೆ. ಎಂಟು ತಿಂಗಳಾಗ ಬೀಳೋ ಹೊತ್ತಿಗಿ ಎರಡು ಮೆಟ್ಟಲ ಹತ್ತಿದ್ರ ಎದಿ ಡವಡವ ಅಂತಿತ್ತು. ಮಣ್ಣಿನ ವಾಸನಿ ಬಂದ್ರ ಬಾಯಾಗ ನೀರು, ಗ್ವಾಡಿ ಕೆರಕೊಂಡು ತಿಂತಿದ್ದೆ; ಅದೂ ರಗತ ಕಡಿಮಿ ಇದ್ದದ್ದರ ಗುರುತು ಅಂತ ಆಮ್ಯಾಲ ತಿಳೀತು. ಬ್ಯಾನಿ ಬಂದು ದವಾಖಾನಿಗಿ ಹೋದಾಗ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪಿ ಜಗ್ಗಿ ನೋಡಿದಳು. ಒಳಗ ಸುಣ್ಣದಂಗ ಬೆಳ್ಳಗಿತ್ತಂತ. ಹಡದ ಮ್ಯಾಲ ರಗತ ನಿಲ್ಲವಲ್ದು. ಮೈಯಾಗ ರಗತ ಇದ್ದಾಕಿ ಹೋದದ್ದು ತಡಕೋತಾಳ, ಇಲ್ಲದಾಕಿ ಸ್ವಲ್ಪ ಹೋದ್ರೂ ಕುಸೀತಾಳ. ನಿಮ್ಮ ದೊಡ್ಡಪ್ಪ, ಓಣಿಯ ಇಬ್ಬರು ಹುಡುಗರು ರಗತ ಕೊಟ್ಟಿದ್ದಕ್ಕ ಉಳದೀನಿ. ಕೂಸು ಎರಡು ಕಿಲೋನೂ ತೂಗಲಿಲ್ಲ. ಬಾಣಂತನ ಮುಗಿಸಿ ಗಂಡನ ಮನಿಗಿ ಬಂದು ಜ್ವಾಳ ತೆಗೀಲಿಕ್ಕ ಕೈ ಹಾಕಿದ್ರ ಆ ಪಾಕೀಟು ಸಿಕ್ತು. ಒಂದೂ ಗುಳಗಿ ಬಿಚ್ಚಿರಲಿಲ್ಲ. ಗಳಗಿ ಮುಂದ ಕುಂತು ಅತ್ತದ್ದು ಇಲ್ಲೀ ತನಕ ಯಾರಿಗೂ ಹೇಳಿಲ್ಲ.

ಗುಳಗಿ ಹೀಂಗ ನುಂಗು. ಊಟ ಆಗಿ ಒಂದು ತಾಸು ಬಿಟ್ಟು, ಲಿಂಬಿಹಣ್ಣಿನ ನೀರಿನ ಜೋಡಿ. ಹುಳಿ ಇದ್ರ ಕಬ್ಬಿಣ ಮೈಗಿ ಚಂದ ಹತ್ತತದ. ಚಹಾ, ಹಾಲು, ಕ್ಯಾಲ್ಸಿಯಂ ಗುಳಗಿ ಇವು ಅದರ ಕೂಡ ಬ್ಯಾಡ, ನಡುವ ಎರಡು ತಾಸು ಬಿಡು. ಹೊಟ್ಟಿ ತೊಳಸಿದ್ರ ರಾತ್ರಿದು ಮಲಗೋ ಮುಂದ ನುಂಗು. ಸಂಡಾಸು ಕರ್ರಗಾಗ್ತದ, ಅಂಜಬ್ಯಾಡ. ಕೂಸಿನ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಡದ ಮ್ಯಾಲೂ ಆರು ತಿಂಗಳು ಬಿಡಬ್ಯಾಡ.

ಇನ್ನ ಊಟ. ದೇಶಕ್ಕೆಲ್ಲ ತೊಗರಿ ಕಳಸೋ ಜಿಲ್ಲಾದಾಗ ಎರಡು ಜೀವಿನಾಕಿ ನೀರುಬ್ಯಾಳಿ ಉಣ್ಣಬಾರದು. ಗಟ್ಟಿ ಬ್ಯಾಳಿ ಹಾಕೊ. ಪುಂಡಿಪಲ್ಯ, ಮೆಂತೆಪಲ್ಯ, ಶೇಂಗಾ ಹಿಂಡಿ ಏನೂ ಬಿಡಬ್ಯಾಡ. ಅಂಗನವಾಡ್ಯಾಗ ಬಸುರಿಯರಿಗಿ ಸರಕಾರದ ಮಾತೃಪೂರ್ಣ ಯೋಜನಾದ ಊಟ ಕೊಡ್ತಾರ, ತತ್ತಿ, ಹಾಲು, ಚಿಕ್ಕಿ ಸೈತ. ಸೊಸಿ ಹೊರಗ ಉಂಡ್ರ ಮನೆತನದ ಮಾನ ಹೋಗ್ತದ ಅಂತ ನಿಮ್ಮತ್ತಿ ಅಂದ್ರ ನನಗ ಹೇಳು, ನಾನೇ ಬಂದು ಕೈ ಮುಗಿದು ಮಾತಾಡ್ತೀನಿ. ನೀ ಎದುರು ಆಡಬ್ಯಾಡ.

ಪ್ರತಿ ತಿಂಗಳ 9ನೇ ತಾರೀಖಿಗಿ ಸರಕಾರಿ ದವಾಖಾನಿಯಾಗ ಬಸುರಿಯರಿಗಿ ಪುಕ್ಕಟ ತಪಾಸಣಿ ಇರ್ತದ, ಅಳಿಯಂದ್ರನ್ನ ಕರಕೊಂಡೇ ಹೋಗು. ತಲಿ ಒಡದು ಹೋಗೋವಂಗ ನೋವು, ಕಣ್ಣು ಮಂಜು, ಮಾರಿ ಕೈ ಬಾವು, ರಗತ ಅಥವಾ ನೀರು ಹೋಗೋದು, ಕೂಸು ಒದಿಯೋದು ಕಡಿಮಿ ಆಗೋದು, ಇದರಾಗ ಒಂದು ಕಂಡ್ರೂ ಬೆಳಗಾಗಲಿ ಅನ್ನಬ್ಯಾಡ, 108ಕ್ಕ ಫೋನ್ ಹಚ್ಚು. ಓಣ್ಯಾಗ ಯಾರ ಗಾಡಿ ರಾತ್ರಿ ಸಿಗ್ತದ, ಯಾರ ರಗತ ನಿನ್ನ ಗುಂಪಿಗಿ ಕೂಡ್ತದ ಅಂತ ಅಳಿಯಂದ್ರು ಈಗೇ ಕೇಳಿ ಇಟ್ಟಿರಲಿ.

ಏಳರಾಗ ಕುಬಸ ಮಾಡಿ ಇಲ್ಲಿಗಿ ಕರಕೊಂಡು ಬರ್ತೀವಿ. ಶರಣಬಸವೇಶ್ವರ ತೇರಿನ ಗದ್ದಲದಾಗ ನೀ ಬ್ಯಾಡ, ಮನಿಯಿಂದೇ ಕೈ ಮುಗಿ. ನಿನ್ನ ದಿನ ತುಂಬೋದು ಬ್ಯಾಸಗಿ ನೆತ್ತಿ ಮ್ಯಾಲ ಇರೋವಾಗ. ಮಧ್ಯಾಹ್ನ ಹೊರಗ ಕಾಲಿಡಬ್ಯಾಡ, ನೀರಡಿಕಿ ಆಗಲಿ ಅಂತ ದಾರಿ ನೋಡಬ್ಯಾಡ, ನೀರು, ಮಜ್ಜಗಿ ಕುಡೀತಿರು. ಕೂಸು ಹುಟ್ಟಿ ತಾಸಿನೊಳಗ ಎದಿಗಿ ಹಚ್ಚಬೇಕು. ಮೊದಲ ಹಳದಿ ಹಾಲು ಹಿಂಡಿ ಚೆಲ್ಲೋದು, ಕೂಸಿಗಿ ಜೇನು, ಔಡಲೆಣ್ಣಿ ನೆಕ್ಕಸೋದು ನಮ್ಮ ಮನ್ಯಾಗ ನಡಿಯಂಗಿಲ್ಲ, ಬಾಗಲಾಗ ನಾ ನಿಂತಿರ್ತೀನಿ. ಅಂಟಿನ ಉಂಡಿಗಿ ಉತ್ತತ್ತಿ, ಕೊಬ್ಬರಿ ಅವಾಗ ತರ್ತೀನಿ.

ಈ ಸಲ 9ಕ್ಕ ತಪಾಸಣಿ ಆದಕೂಡಲೇ ರಗತ ಎಷ್ಟಾಗೇದ ಅಂತ ಫೋನ್ ಮಾಡು. ಆ ನಂಬರ ಕೇಳೋ ತನಕ ನನಗ ಸಮಾಧಾನ ಇಲ್ಲ.

ನಿನ್ನ ದೊಡ್ಡವ್ವ